ಹಗಲು ಹಚ್ಚಿದ ದೀಪ

೮ ಜನವರಿ ೧೯೬೨, ಸೋಮವಾರ

ಬೆಳಗಿನ ಜಾವ ಮತ್ತೆ ಅದೇ ಕೆಟ್ಟ ಕನಸು. ಮಂಡಿಪೇಟೆಯ ನಮ್ಮ ದಲಾಲಿ ಅಂಗಡಿ. ನೆತ್ತಿ ಮೇಲೆ ಬಿಸಿಲು. ಗಾದಿ ಮಗುಚಿ ಹಾಕಿದೆ, ಬಾಗಿಲಲ್ಲಿ ಹಣತೆ ಉರಿಯುತ್ತಿದೆ. ಊದಿದರೆ ಆರುವುದಿಲ್ಲ. ಕೈಯಿಂದ ಬಡಿದರೂ ಆರುವುದಿಲ್ಲ. ರಸ್ತೆ ತುಂಬ ಜನ ನಿಂತಿದ್ದಾರೆ, ಒಬ್ಬರೂ ಮಾತಾಡುವುದಿಲ್ಲ. ಎದ್ದಾಗ ಬನಿಯನ್ ಒದ್ದೆಯಾಗಿತ್ತು.

ಸಿದ್ದಮ್ಮನಿಗೆ ಹೇಳಿದೆ. ಅವಳು ಒಲೆ ಊದುತ್ತಲೇ, ‘ಕನಸಾಗೆ ದೀಪ ಕಂಡ್ರೆ ಒಳ್ಳೇದಂತೆ. ಮುಖ ತೊಳಕಳ್ರಿ, ರೈಲಿಗೆ ಹೊತ್ತಾಗ್ತೈತೆ’ ಅಂದಳು. ಅವಳಿಗೆ ಎಲ್ಲವೂ ಒಳ್ಳೆಯದೇ.

ಈ ಡೈರಿ ನಾನು ಕೆಲಸ ಮಾಡುವ ಹರಿಹರದ ಕಾರ್ಖಾನೆಯ ಸ್ಟೋರಿನ ಸಾಹೇಬರು ಹೊಸ ವರ್ಷಕ್ಕೆ ಕೊಟ್ಟದ್ದು. ನಾನು ಮಾಧ್ಯಮಿಕ ಶಾಲೆ ಅರ್ಧಕ್ಕೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಗಾದಿ ಮೇಲೆ ಕೂತೆ. ಜಮಾ ಖರ್ಚು ಬರೆದ ಕೈ, ಮಾತು ಬರೆದು ಗೊತ್ತಿಲ್ಲ. ಆದರೂ ತಲೆಯಲ್ಲಿ ಇರುವುದನ್ನು ಎಲ್ಲಾದರೂ ಇಳಿಸಬೇಕು. ಸಿದ್ದಮ್ಮನಿಗೆ ಹೇಳಿ ಹೇಳಿ ಅವಳ ಕಿವಿ ತೂತಾಗಿವೆ.

ಶುಕ್ರವಾರ ಮನೆ ಸಾಲದ ಅರ್ಜಿ ಕೊಡಬೇಕು. ದಿವಾಳಿಯಿಂದ ಬಿಡುಗಡೆ ಆದ ಕೋರ್ಟಿನ ಹುಕುಂ ಟ್ರಂಕಿನಲ್ಲಿದೆ. ಇದೆಯೋ ಇಲ್ಲವೋ ಅಂತ ನಿನ್ನೆ ರಾತ್ರಿ ಎದ್ದು ನೋಡಿದೆ. ಇದೆ.

೧೨ ಜನವರಿ, ಶುಕ್ರವಾರ

ರಜೆ ಹಾಕಿ ಮನೆ ಸಾಲ ಕೊಡುವ ಸೊಸೈಟಿಗೆ ಹೋದೆ. ಮಂಡಿಪೇಟೆ ದಾಟಿದರೆ ಹತ್ತು ಹೆಜ್ಜೆ. ನಾನು ಚೌಕಿಪೇಟೆಯ ಹಿಂದಿನ ಓಣಿ ಹಿಡಿದು, ಎಮ್ಮೆ ಕಟ್ಟುವ ಸಂದಿಯಲ್ಲಿ ನುಸುಳಿ, ಸುತ್ತು ಹಾಕಿ ಹೋದೆ. ಏಳು ವರ್ಷದಿಂದ ಅದೇ ದಾರಿ. ಪೇಟೆಯಲ್ಲಿ ಯಾರ ಮುಖ ನೋಡಲಿ? ಶೇಂಗಾ ದರ ಕುಸಿದ ವರ್ಷ ಅವರೆಲ್ಲರ ದುಡ್ಡು ನನ್ನ ಅಂಗಡಿಯಲ್ಲಿ ಮುಳುಗಿತು. ಮನೆ ಹರಾಜಾಗಿ ಅವರ ಕೈಗೆ ಬಂದದ್ದು ರೂಪಾಯಿಗೆ ನಾಲ್ಕಾಣೆ. ಕೋರ್ಟು ನನ್ನನ್ನು ಬಿಟ್ಟಿತು, ಸರಿ. ಕೋರ್ಟಿಗೇನು, ಅದು ಪೇಟೆಯಲ್ಲಿ ಓಡಾಡಬೇಕೇ?

ಸೆಕ್ರೆಟರಿ ಅರ್ಜಿ ಓದುತ್ತ ಹೋದವರು ಒಂದು ಕಡೆ ನಿಂತರು.

‘ಇನ್ಸಾಲ್ವೆಂಟ್ ಆಗಿದ್ರೇನ್ರಿ?’

‘ಹೂಂನ್ರಿ. ಬಿಡುಗಡೆ ಆಗೈತ್ರಿ. ಹುಕುಂ ಹಚ್ಚೀನಿ.’

‘ಹುಕುಂ ಐತೆ ಬಿಡ್ರಿ. ಆದ್ರೆ ಆಡಿಟ್ನೋರು ಬಂದ್ರೆ ಇದೊಂದೇ ಅರ್ಜಿ ಹಿಡ್ಕಂಡು ಕೂಡ್ತಾರೆ.’

ಕಡೆಗೆ ಅವರೇ ದಾರಿ ಹೇಳಿದರು. ಇಬ್ಬರು ಜಾಮೀನು ಬೇಕು. ಪಾಯ ನಮ್ಮ ಖರ್ಚಿನಲ್ಲೇ ಎದ್ದಿರಬೇಕು. ಆಮೇಲೆ ಒಬ್ಬ ಡೈರೆಕ್ಟರು ಜಾಗ ನೋಡಿ, ಈ ಮನುಷ್ಯನಿಗೆ ಕೊಡಬಹುದು ಅಂತ ಬರೆದುಕೊಡಬೇಕು. ಯುಗಾದಿ ಒಳಗೆ ಮಂಜೂರು ಆಗದಿದ್ದರೆ ಸೊಸೈಟಿಯಿಂದ ನಾವು ಹಿಡಿದ ಸೈಟು ಬೇರೆಯವರಿಗೆ.

ಹರಿಹರದ ಕಡೆಯ ಸೈಟು ನೋಡುವ ಡೈರೆಕ್ಟರು ಯಾರು ಅಂತ ಕೇಳಿದೆ.

‘ಪಂಚಾಕ್ಷರಪ್ಪನೋರು. ಹತ್ತಿ ವ್ಯಾಪಾರದೋರು. ಗೊತ್ತಲ್ಲ ನಿಮಗೆ?’

ಗೊತ್ತು. ನನ್ನ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಅವರೇ.

ಮನೆಗೆ ಬಂದು ಊಟ ಮಾಡಲಿಲ್ಲ. ಸಿದ್ದಮ್ಮ, ‘ಸೈಟು ನೋಡಾಕೆ ಅವರಾದ್ರೂ ಬರ್ತಾರಲ್ಲ, ಒಳ್ಳೇದಾತು’ ಅಂದಳು. ಇವಳಿಗೆ ಏನು ಹೇಳಬೇಕೋ ತಿಳಿಯದು.

೧೪ ಜನವರಿ, ಭಾನುವಾರ. ಸಂಕ್ರಾಂತಿ

ಎಲ್ಲರ ಹಾಗೆ ನಾವೂ ಬುತ್ತಿ ಕಟ್ಟಿಕೊಂಡು ಹರಿಹರಕ್ಕೆ ಹೋದೆವು. ಹೊಳೆಯಲ್ಲಿ ಮಿಂದು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ತಿಂದೆವು. ಖುದ್ದೂಸ್ ಸಾಬರೂ ಅವರ ಹೆಂಡತಿ ಬೀಬಿಜಾನೂ ಜೊತೆಗಿದ್ದರು. ಅವರ ಮಂಡಕ್ಕಿ ಭಟ್ಟಿಯ ಹಿಂದಿನ ಎರಡು ಅಂಕಣದ ಕೋಣೆಯಲ್ಲೇ ನಾವು ಇರುವುದು. ಭಟ್ಟಿ ದೊಡ್ಡದು ಮಾಡಲು ಅವರಿಗೆ ಆ ಕೋಣೆ ಬೇಕಾಗಿದೆ. ಇದು ನನಗೆ ಗೊತ್ತು. ಅವರು ಒಂದು ದಿನವೂ ಬಾಯಿ ಬಿಟ್ಟಿಲ್ಲ. ಭತ್ತಕ್ಕೆ ಅಂತ ಅವರು ಕೊಟ್ಟ ಮುಂಗಡವೂ ಆವತ್ತು ನನ್ನಲ್ಲಿ ಮುಳುಗಿತ್ತು. ಅದರ ಬಗ್ಗೆಯೂ ಬಾಯಿ ಬಿಟ್ಟಿಲ್ಲ.

ಊಟ ಆದ ಮೇಲೆ ಗುತ್ತೂರು ದಾರಿಯ ಸೈಟಿಗೆ ಹೋದೆವು. ಜಾಲಿಗಿಡ, ನಾಲ್ಕು ಕಲ್ಲು. ಸಿದ್ದಮ್ಮ ಇಲ್ಲಿ ಒಲೆ, ಇಲ್ಲಿ ಬಚ್ಚಲು ಅಂತ ಬರೀ ನೆಲದ ಮೇಲೆ ಓಡಾಡಿದಳು. ಕಾರ್ಖಾನೆಯವರಿಗೆ ರೊಟ್ಟಿ ಬಡಿದು, ಚಟ್ನಿಪುಡಿ ಕುಟ್ಟಿ ಈ ಜಾಗ ಹಿಡಿದವಳು ಅವಳು. ನಾನು ಬರೀ ಸೈ ಹಾಕಿದವನು.

ಜಾಮೀನಿನ ಮಾತು ನಾನು ಎತ್ತುವ ಮೊದಲೇ ಖುದ್ದೂಸ್ ಸಾಬರು, ‘ಕಾಗದ ಎಲ್ಲೈತೆ ತರ್ರಿ ಸಾವ್ಕಾರ್ರೆ’ ಅಂದರು.

‘ಸಾವ್ಕಾರ ಅನ್ನಬ್ಯಾಡ್ರಿ ಸಾಬ್ರೆ. ಆ ಕಾಲ ಹೋತು.’

‘ಬಾಯಿಗೆ ರೂಢಿ ಆಗೈತೆ, ಏನ್ಮಾಡ್ಲಿ?’

ನಾನು, ಸ್ವಲ್ಪ ಯೋಚನೆ ಮಾಡಿ, ಮತ್ತೆ ಹೆಚ್ಚುಕಡಿಮೆ ಆದರೆ ನಿಮ್ಮ ಭಟ್ಟಿಗೆ ಬರುತ್ತದೆ, ಅಂತ ಶುರು ಮಾಡಿದೆ. ಬೀಬಿಜಾನ್ ನಡುವೆ ಬಾಯಿ ಹಾಕಿದಳು. ‘ಅಣ್ಣಾ, ನೀನು ಜಾಮೀನು ಕೇಳಾಕೆ ಬಂದೀಯೋ, ಬ್ಯಾಡ ಅಂತ ಹೇಳಾಕೆ ಬಂದೀಯೋ? ಅಕ್ಕಾ, ಇವನ್ನ ಹೆಂಗೆ ಬಾಳಿಸ್ತೀಯವ್ವ?’ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಖುದ್ದೂಸ್ ಸಾಬರ ಎದೆ ನೋಡಿ ಬೆರಗಾಯಿತು. ಒಂದು ಸಲ ನನ್ನಿಂದ ಕೈ ಸುಟ್ಟುಕೊಂಡವರು ಅದೇ ಕೈಯಿಂದ ಸೈ ಮಾಡುತ್ತೇನೆ ಅನ್ನುತ್ತಾರೆ.

೧೯ ಜನವರಿ, ಶುಕ್ರವಾರ

ಎರಡನೇ ಜಾಮೀನು ಸ್ಟೋರಿನ ಕೆಂಚಣ್ಣ. ಕೇಳುವುದೋ ಬೇಡವೋ ಅಂತ ಮೂರು ದಿನ ಅವನ ಸುತ್ತ ಸುತ್ತಿದೆ. ಇವತ್ತು ಅವನೇ, ‘ಯಾಕ್ರಿ ಯಜಮಾನ್ರೆ, ಗಾಣದೆತ್ತಿನಂಗೆ ತಿರುಗ್ತೀರಿ?’ ಅಂದ. ಹೇಳಿದೆ. ಸೈ ಮಾಡಿ, ‘ಸಹಿ ಕಲಿತು ಎಂಟು ವರ್ಷ ಆತು, ಸಂಬಳಕ್ಕೆ ಬಿಟ್ರೆ ಇನ್ನೆಲ್ಲೂ ಕೆಲಸಕ್ಕೆ ಬಂದಿರ್ಲಿಲ್ಲ’ ಅಂದ.

ಇಂಥ ಜನ ನನ್ನ ಸುತ್ತ ಇದ್ದಾರೆ. ಅದೇ ಹೆದರಿಕೆ. ಕೆಟ್ಟವರಾಗಿದ್ದರೆ ಮುಳುಗಿಸಿದರೂ ಇಷ್ಟು ನೋಯುತ್ತಿರಲಿಲ್ಲ.

೩ ಫೆಬ್ರವರಿ, ಶನಿವಾರ

ಅಷ್ಟಗ್ರಹ ಕೂಟ ಇವತ್ತಿನಿಂದ. ಎಂಟು ಗ್ರಹ ಒಂದೇ ಮನೆಯಲ್ಲಿ. ಲೋಕ ಉಳಿಯುವುದಿಲ್ಲ ಅಂತ ರೈಲಿನಲ್ಲಿ ಎಲ್ಲರದೂ ಅದೇ ಮಾತು. ಮಠದಲ್ಲಿ ಜಪ, ಗುಡಿಯಲ್ಲಿ ಹೋಮ. ಸೊಸೈಟಿಯ ಮೀಟಿಂಗು ಮುಂದಕ್ಕೆ ಹಾಕಿದ್ದಾರೆ.

ನಾನು ಸಿದ್ದಮ್ಮನಿಗೆ, ಪಾಯದ ಕಲ್ಲಿಗೆ ಮುಂಗಡ ಕೊಡುವುದು ಬೇಡ, ಸೋಮವಾರ ಕಳೆಯಲಿ ಅಂದೆ. ‘ಲೋಕ ಮುಳುಗಿದ್ರೆ ನಮ್ಮ ಮುಂಗಡ ಕೇಳೋರು ಯಾರು? ಮುಳುಗದಿದ್ರೆ ಕಲ್ಲು ಬ್ಯಾರೆಯೋರು ಒಯ್ತಾರೆ. ಹೋಗಿ ಕೊಟ್ಟು ಬರ್ರಿ’ ಅಂದಳು. ಯೋಚಿಸಿ ನೋಡಿದರೆ ಅದೂ ಸರಿ. ಕೊಟ್ಟು ಬಂದೆ.

೬ ಫೆಬ್ರವರಿ, ಮಂಗಳವಾರ

ಲೋಕ ಇದೆ. ಕಲ್ಲು ಬಂದಿದೆ.

೨೫ ಫೆಬ್ರವರಿ, ಭಾನುವಾರ

ಪಾಯ ನೆಲದಿಂದ ಮೇಲೆ ಬಂತು. ಗೌಂಡಿ ಭರಮಣ್ಣ ಗುತ್ತೂರಿನವನು, ಮಾತು ಕಡಿಮೆ, ಶಾಸ್ತ್ರ ಜಾಸ್ತಿ. ಮಾರ್ಚ್ ಒಂಬತ್ತನೇ ತಾರೀಖು ಶುಕ್ರವಾರ ಹೆಬ್ಬಾಗಿಲ ಚೌಕಟ್ಟು ನಿಲ್ಲಿಸುವುದು ಅಂತ ಅವನೇ ದಿನ ನೋಡಿಸಿಕೊಂಡು ಬಂದ. ಹೊಸ್ತಿಲಿಗೆ ಪೂಜೆ ಆಗಬೇಕು, ದೀಪ ಉರಿಯುತ್ತಿರುವಾಗಲೇ ಚೌಕಟ್ಟು ಎತ್ತಬೇಕು. ಅದು ಅವನ ಕಟ್ಟುನಿಟ್ಟು.

ಮುಹೂರ್ತ ಎಷ್ಟು ಹೊತ್ತಿಗೆ ಅಂದೆ. ಹತ್ತೂವರೆ ಅಂದ. ಬಿಸಿಲು ಏರಿರುತ್ತದೆ.

ಇದನ್ನು ಇಲ್ಲಿ ಬರೆದೇ ಬಿಡುತ್ತೇನೆ. ಪೇಟೆಯಲ್ಲಿ ಹಳಬರದೊಂದು ಪದ್ಧತಿ ಇತ್ತು. ಮಾರವಾಡಿಗಳಿಂದ ಬಂದದ್ದೋ ಏನೋ. ವ್ಯಾಪಾರಿ ಮುಳುಗಿದರೆ ಗಾದಿ ಮಗುಚಿ ಹಾಕಿ, ಹಾಡುಹಗಲು ಅಂಗಡಿ ಬಾಗಿಲಲ್ಲಿ ದೀಪ ಹಚ್ಚಿ ಕೂರುವುದು. ದೀಪ ಕಂಡವರಿಗೆ ಬಾಯಿ ಬಿಟ್ಟು ಹೇಳಬೇಕಿಲ್ಲ. ಇವನ ಕೈಯಲ್ಲಿ ಏನೂ ಇಲ್ಲ, ಬಂದು ಕೇಳುವುದಿದ್ದರೆ ಕೇಳಿ ಅಂತ ಅರ್ಥ. ನಾನೂ ಹಚ್ಚಿ ಕೂತೆ. ಅಪ್ಪ ಹಾಗೆ ಹೇಳಿಕೊಟ್ಟಿದ್ದ, ಬೇರೆ ದಾರಿ ಗೊತ್ತಿರಲಿಲ್ಲ. ಆವತ್ತಿನಿಂದ ಹಗಲು ದೀಪ ನೋಡಲು ನನ್ನಿಂದ ಆಗದು. ಗುಡಿಯಲ್ಲೂ ಅಷ್ಟೆ, ಕಣ್ಣು ಮುಚ್ಚಿ ಕೈ ಮುಗಿಯುತ್ತೇನೆ. ನೋಡಿದವರು ಭಕ್ತಿ ಅಂದುಕೊಳ್ಳುತ್ತಾರೆ.

೭ ಮಾರ್ಚ್, ಬುಧವಾರ

ಸಿದ್ದಮ್ಮನ ಜೊತೆ ವಾದ.

‘ದೀಪ ಬ್ಯಾಡ. ಊದಿನಕಡ್ಡಿ ಸಾಕು.’

‘ಊದಿನಕಡ್ಡಿ ಹಚ್ಚಿ ಯಾರು ಬಾಗಿಲು ನಿಲ್ಲಿಸ್ಯಾರೆ? ಭರಮಣ್ಣ ಒಪ್ತಾನಾ?’

‘ಆವತ್ತಿಂದು ನೆನಪು ಆಗ್ತೈತೆ ನನಗೆ.’

‘ನನಗೂ ನೆನಪೈತೆ’ ಅಂದಳು. ಆಮೇಲೆ ಟ್ರಂಕು ತೆಗೆದು ನನ್ನ ಹಳೇ ರುಮಾಲು ಹೊರಗೆ ಹಾಕಿದಳು. ಅಂಗಡಿ ಮುಚ್ಚಿದ ಮೇಲೆ ಅದನ್ನು ನಾನು ಸುತ್ತಿಲ್ಲ. ಒಗೆದು ನೀಲಿ ಹಾಕಿ ಹಗ್ಗದ ಮೇಲೆ ಒಣಹಾಕಿದ್ದಾಳೆ.

ಪಂಚಾಕ್ಷರಪ್ಪನವರು ಯಾವತ್ತು ಸೈಟು ನೋಡಲು ಬರುತ್ತಾರೋ ಗೊತ್ತಿಲ್ಲ. ಬಾರದೇ ಇದ್ದರೆ ಸೈಟು ಹೋಗುತ್ತದೆ. ಬಂದರೆ ಅವರ ಮುಂದೆ ನಿಲ್ಲಬೇಕು. ಯಾವುದು ವಾಸಿ ಅಂತ ಇಡೀ ದಿನ ಯೋಚಿಸಿ ಸ್ಟೋರಿನಲ್ಲಿ ಎರಡು ಸಲ ಬೋಲ್ಟು ತಪ್ಪಾಗಿ ಎಣಿಸಿದೆ.

೯ ಮಾರ್ಚ್, ಶುಕ್ರವಾರ

ಎಲ್ಲಿಂದ ಬರೆಯಲಿ?

ಮೊದಲ ಬಸ್ಸಿಗೆ ಹರಿಹರಕ್ಕೆ ಹೋದೆವು. ಸಿದ್ದಮ್ಮ ನನ್ನ ತಲೆಗೆ ರುಮಾಲು ಸುತ್ತಿಸಿದಳು. ಸುತ್ತುವುದು ಮರೆತಿರುತ್ತೇನೆ ಅಂದುಕೊಂಡಿದ್ದೆ, ಕೈ ಮರೆತಿರಲಿಲ್ಲ. ಭರಮಣ್ಣ ಮತ್ತಿ ಮರದ ಚೌಕಟ್ಟಿಗೆ ಮಾವಿನೆಲೆ ಕಟ್ಟಿದ್ದ. ಹೊಸ್ತಿಲ ಕೆಳಗೆ ನವಧಾನ್ಯ ಹಾಕಿ, ಅರಿಶಿನ ಕುಂಕುಮ ಹಚ್ಚಿ, ಸಿದ್ದಮ್ಮ ಹಣತೆ ಹಚ್ಚಿದಳು. ಹೊಳೆ ಕಡೆಯ ಗಾಳಿ. ಮೊರ ಅಡ್ಡ ಹಿಡಿದುಕೊಂಡು ಕೂತಳು. ನಾನು ಆಕಾಶ ನೋಡುತ್ತ ನಿಂತೆ.

ಅಷ್ಟರಲ್ಲಿ ಜಟಕಾ ಬಂದು ನಿಂತ ಸದ್ದು. ನೋಡುತ್ತೇನೆ, ಪಂಚಾಕ್ಷರಪ್ಪನವರು ಕೊಡೆ ಊರಿಕೊಂಡು ಇಳಿಯುತ್ತಿದ್ದಾರೆ.

ಆಮೇಲೆ ನಾನು ಮಾಡಿದ್ದು ನನಗೇ ತಿಳಿಯದೆ ಆಯಿತು. ಇವರಿಗೆ ನನ್ನ ಬಾಗಿಲಲ್ಲಿ ಮತ್ತೆ ಹಗಲು ದೀಪ ಕಾಣಬಾರದು, ಕಂಡರೆ ಎಲ್ಲ ಮುಗಿಯಿತು, ಇಷ್ಟೇ ತಲೆಯಲ್ಲಿ. ರುಮಾಲಿನ ಸೆರಗು ಎಳೆದು ದೀಪದ ಮೇಲೆ ಒತ್ತಿಬಿಟ್ಟೆ. ಆರಿತು. ಕಮಟು ಹೊಗೆ ಎದ್ದಿತು.

ಸಿದ್ದಮ್ಮ ಮೊರ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಭರಮಣ್ಣ ಚೌಕಟ್ಟಿನಿಂದ ಕೈ ತೆಗೆದ.

‘ಏನ್ ಮಾಡಿದ್ರಿ ಸ್ವಾಮೇರ! ಹೊಸ್ತಿಲ ದೀಪ ಯಜಮಾನ್ರೇ ಆರಿಸೋದಾ? ನಾನು ಎತ್ತಾದಿಲ್ಲ. ನನ್ನ ಮನ್ಯಾಗೂ ಮಕ್ಳು ಮರಿ ಅದಾವೆ.’

ಪಂಚಾಕ್ಷರಪ್ಪನವರು ಹತ್ತಿರ ಬಂದಿದ್ದರು. ಹಣತೆ ನೋಡಿದರು, ನನ್ನ ರುಮಾಲು ನೋಡಿದರು.

‘ಯಾಕೆ ಆರಿಸಿದಿ ತಮ್ಮಾ?’

‘ಹಗಲೊತ್ತು ರೀ… ತಾವು ಬಂದ್ರಿ… ಮತ್ತೆ ಅದೇ ಅಂದ್ಕಂಡ್ರೆ ಅಂತ…’

ಅವರು ಹೊಟ್ಟೆ ಅಲುಗಾಡಿಸಿಕೊಂಡು ನಕ್ಕರು. ‘ಅಲ್ಲೋ ಮಾರಾಯ, ಇನ್ನೂ ಸಾಲಾನೇ ಕೊಟ್ಟಿಲ್ಲ ನಾವು. ಅಷ್ಟರಾಗೆ ಮುಳುಗ್ತೀಯಾ?’

ಭರಮಣ್ಣನ ಆಳುಗಳೂ ನಕ್ಕರು. ನಾನು ಭೂಮಿ ನೋಡುತ್ತ ನಿಂತಿದ್ದೆ. ಪಂಚಾಕ್ಷರಪ್ಪನವರು ಪಾಯದ ಕಲ್ಲಿನ ಮೇಲೆ ಕೂತರು. ಆಮೇಲೆ ನಗಲಿಲ್ಲ.

‘ಆ ವರ್ಷ ಪೇಟೆಯಾಗೆ ಮುಳುಗಿದೋನು ನೀನೊಬ್ನೇ ಏನು? ನನಗೆ ಕೊಡಬೇಕಾದೋರು ಇನ್ನೂ ಇಬ್ರು ಇದ್ರು. ರಾತ್ರಿ ಬೀಗ ಹಾಕಿ ಹುಬ್ಬಳ್ಳಿ ರೈಲು ಹತ್ತಿದ್ರು. ಇವತ್ತಿಗೂ ಅವರು ಎಲ್ಲಿ ಅದಾರೋ ಗೊತ್ತಿಲ್ಲ. ನೀನು ದೀಪ ಹಚ್ಚಿ ಅದರ ಪಕ್ಕ ಕುಂತಿದ್ದಿ. ನಾನು ಬಂದು ಬೈದೆ. ಏನ್ ಬೈದೆ ನೆನಪೈತಾ?’

‘ಐತ್ರಿ.’

‘ನನಗೂ ಐತೆ. ಬಿಡು, ಹೆಣ್ಮಕ್ಕಳ ಮುಂದೆ ಬ್ಯಾಡ. ತಲೆ ತಗ್ಗಿಸಿ ಕೇಳಿದಿ, ಎದ್ದು ಒಳಗ್ ಹೋಗ್ಲಿಲ್ಲ. ಇಳಿಹೊತ್ತಿಗೆ ದೀಪದ ಎಣ್ಣಿ ತೀರಿತು. ನಾನು ಎದುರು ಅಂಗಡಿ ಕಟ್ಟೆ ಮ್ಯಾಲೆ ಕುಂತು ನೋಡ್ತಿದ್ದೆ. ಎಣ್ಣಿ ತೀರಿತು, ಇನ್ನು ಬಾಗಿಲು ಹಾಕ್ಕಂಡು ಹೋಗ್ತಾನೆ ಅಂದ್ಕಂಡೆ. ಈ ನಮ್ಮವ್ವ ಮನಿಯಿಂದ ಎಣ್ಣಿ ತಂದು ಹುಯ್ದ್ಲು. ಯಾಕವ್ವಾ ಅಂತ ಕೇಳ್ದೆ. ಏನಂದಿ ಹೇಳು?’ ಅಂತ ಸಿದ್ದಮ್ಮನ ಕಡೆ ನೋಡಿದರು.

ಸಿದ್ದಮ್ಮ ಸೆರಗು ಸರಿ ಮಾಡಿಕೊಂಡು, ‘ಇನ್ನೂ ಬರೋರು ಅದಾರ್ರಿ, ಇವರು ಕತ್ತಲಾಗೆ ಹೆಂಗೆ ಕೂಡ್ತಾರೆ ಅಂದೆ’ ಅಂದಳು.

‘ಕೇಳಿದೇನೋ?’ ಅಂತ ಪಂಚಾಕ್ಷರಪ್ಪನವರು ಭರಮಣ್ಣನ ಕಡೆ ತಿರುಗಿದರು. ‘ಈ ಮನೀದು ದೀಪ ಹಂಗೆಲ್ಲ ಆರೋದಲ್ಲ. ಬೆಂಕಿಪೊಟ್ಟಣ ತಾ.’

ಸಿದ್ದಮ್ಮ ಮತ್ತೆ ಹಚ್ಚಿದಳು. ಗಾಳಿ ಜೋರಾಗಿತ್ತು, ಮೊರ ಸಾಲದು. ಅವರು ಎದ್ದು ಕೊಡೆ ಬಿಚ್ಚಿ ದೀಪಕ್ಕೆ ಅಡ್ಡ ಹಿಡಿದರು. ತಮ್ಮ ಬೋಳುತಲೆ ಬಿಸಿಲಿನಲ್ಲಿ, ಕೊಡೆ ಹಣತೆಗೆ! ಭರಮಣ್ಣ ದೀಪ ನೋಡಿದ, ಅವರನ್ನು ನೋಡಿದ, ಆಳುಗಳಿಗೆ ‘ಹೂಂ, ಹಿಡೀರ್ರೋ’ ಅಂದ. ಚೌಕಟ್ಟು ಎದ್ದು ನಿಂತಿತು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೆಟ್ಟಗಿದೆಯೋ ಇಲ್ಲವೋ ನೋಡುವವರೆಗೂ ಅವರು ಕೊಡೆ ಇಳಿಸಲಿಲ್ಲ.

ಆಮೇಲೆ ಪಾಯ ಎಷ್ಟು ಆಳ, ಗಾರೆ ಎಂಥದ್ದು, ಸಂಬಳದಲ್ಲಿ ಎಷ್ಟು ಹಿಡಿಯಬಹುದು ಅಂತ ಬಿಗಿಯಾಗಿ ಕೇಳಿದರು. ಒಂದು ಕಡೆಯ ಗಾರೆ ಕೆದಕಿ, ‘ಇಲ್ಲಿ ಮರಳು ಜಾಸ್ತಿ ಆತು’ ಅಂತ ಭರಮಣ್ಣನನ್ನು ಗದರಿದರು. ಬೆಲ್ಲ ನೀರು ಕುಡಿದು ಹೊರಟರು. ಸಾಲದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಬಸ್ಸಿನಲ್ಲಿ ಸಿದ್ದಮ್ಮನಿಗೆ, ಅವರು ಇವತ್ತೇ, ಅದೇ ಹೊತ್ತಿಗೇ ಬರಬೇಕಾ, ನನ್ನ ಗ್ರಹಚಾರ ನೋಡು ಅಂದೆ.

‘ಗ್ರಹಚಾರ ಅಲ್ಲ. ನಾನೇ ಹೇಳಿ ಕಳ್ಸಿದ್ದೆ. ಬೀಬಿಜಾನ್ ಅವರ ಮನಿಗೆ ಮಂಡಕ್ಕಿ ಕೊಡಾಕೆ ಹೋಗ್ತಾಳಲ್ಲ.’

‘ಯಾಕೆ?’

‘ಅಂಗಡಿ ದೀಪ ನೋಡಿದೋರು. ಮನಿ ದೀಪಾನೂ ನೋಡ್ಲಿ ಅಂತ.’

ನಾನು ಕಿಟಕಿ ಕಡೆ ತಿರುಗಿದೆ. ಇಂಥವಳ ಜೊತೆ ಇಷ್ಟು ವರ್ಷ ಇದ್ದೂ ಅವಳು ಎಷ್ಟು ದೊಡ್ಡವಳು ಅಂತ ಬೇರೆಯವರು ಬಂದು ಹೇಳಬೇಕಾಯಿತು. ಪಂಚಾಕ್ಷರಪ್ಪನವರೂ ಎಂಥ ದೊಡ್ಡ ಮನುಷ್ಯರು! ಅಷ್ಟು ಕಳೆದುಕೊಂಡವರು, ಸಿದ್ದಮ್ಮ ಹುಯ್ದ ಎಣ್ಣೆ ನೆನಪಿಟ್ಟುಕೊಂಡಿದ್ದಾರೆ. ನಾನು ಆವತ್ತು ಮಾಡಿದ್ದೇನು, ಸುಮ್ಮನೆ ಕೂತಿದ್ದೆ, ಅಷ್ಟೆ.

೧೦ ಮಾರ್ಚ್, ಶನಿವಾರ

ಮರಳು ಜಾಸ್ತಿ ಅಂದದ್ದೇ ತಲೆಯಲ್ಲಿ ಕೊರೆಯುತ್ತಿದೆ. ಅದನ್ನೇ ಬರೆದುಬಿಟ್ಟರೆ?

ರುಮಾಲಿನ ಸೆರಗಿಗೆ ಮಸಿ, ಒಂದು ಕಡೆ ಸುಟ್ಟ ತೂತು. ಸಿದ್ದಮ್ಮ ಎರಡು ಸಲ ಒಗೆದಳು. ಹೋಗಲಿಲ್ಲ.

೨೩ ಮಾರ್ಚ್, ಶುಕ್ರವಾರ

ಮಂಜೂರಾಯಿತು.

ಸೆಕ್ರೆಟರಿ ಓದಿ ಹೇಳಿದರು. ಪಂಚಾಕ್ಷರಪ್ಪನವರು ಬರೆದದ್ದು ಎರಡೇ ಸಾಲು. ಪಾಯ ಗಟ್ಟಿಯಾಗಿದೆ. ಅರ್ಜಿದಾರ ನನಗೆ ಹಿಂದಿನಿಂದ ಗೊತ್ತು, ಕರೆದರೆ ಸಿಗುವ ಮನುಷ್ಯ.

ಮರಳಿನ ಸುದ್ದಿ ಬರೆದಿಲ್ಲ. ದೇವರಂಥವರು.

ಬರುವಾಗ ಮಂಡಿಪೇಟೆಯಲ್ಲಿ ಬಾಗಿಲಿಗೆ ಚಿಲಕ, ಕೀಲು ತಗೊಂಡೆ. ಹಳೇ ಗಿರಾಕಿ ಉಜ್ಜನಪ್ಪ ಸಿಕ್ಕು, ಏನು ಶಿವಯೋಗಪ್ಪ, ರುಮಾಲು ಸುಟ್ಟೈತಲ್ಲೋ ಅಂದ. ದೀಪ ತಾಗಿತು ಅಂದೆ. ಚಾ ಕುಡಿದೆವು. ಚಿಲಕ ಸ್ವಲ್ಪ ಸಡಿಲ ಅನ್ನಿಸುತ್ತದೆ, ನಾಳೆ ಸಂಜೆ ಅದೇ ಅಂಗಡಿಗೆ ಹೋಗಿ ಬದಲಾಯಿಸಬೇಕು.

ಬೀಬಿಜಾನ್ ಸುದ್ದಿ ಕೇಳಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಕಳಿಸಿದಳು. ಖುದ್ದೂಸ್ ಸಾಬರಿಗೆ, ಶ್ರಾವಣಕ್ಕೆ ಕೋಣೆ ಬಿಡುತ್ತೇವೆ, ಭಟ್ಟಿ ದೊಡ್ಡದು ಮಾಡಿರಿ ಅಂದೆ. ‘ಅವಸರ ಏನೈತ್ರಿ ಸಾವ್ಕಾರ್ರೆ’ ಅಂದರು. ಬೋಂಡ ಬಿಸಿ ಇತ್ತು.

೧ ಏಪ್ರಿಲ್, ಭಾನುವಾರ

ಗೋಡೆ ಎದೆಮಟ್ಟ ಬಂದಿದೆ. ದೀಪದ ಗೂಡು ಎಲ್ಲಿ ಅಂತ ಭರಮಣ್ಣ ಕೇಳಿದ. ಎಲ್ಲರೂ ಒಳಗೆ ಇಡಿಸುತ್ತಾರಂತೆ. ಹೊರಗೋಡೆಗೆ ಇಡು, ಹೆಬ್ಬಾಗಿಲ ಪಕ್ಕ, ರಸ್ತೆಗೆ ಕಾಣುವ ಹಾಗೆ ಅಂದೆ. ‘ಹೊಳಿ ಗಾಳಿ ಐತೆ ಸ್ವಾಮೇರ’ ಅಂದ. ಹಾಗಾದರೆ ಆಳ ಮಾಡು ಅಂದೆ. ಗೇಣುದ್ದ ಬಿಟ್ಟಿದ್ದಾನೆ. ಕೈ ಹಾಕಿ ನೋಡಿದೆ, ಸಾಕು ಅನ್ನಿಸಿತು. ಮನೆಗೆ ಬಂದ ಮೇಲೆ ಸಾಲದು ಅನ್ನಿಸುತ್ತಿದೆ. ಯುಗಾದಿಯಿಂದಲೇ ಅಲ್ಲಿ ದೀಪ ಇಡಬೇಕು ಅಂತ ನನಗೆ ಆಸೆ. ಚಾವಣಿ ಆಗದಿದ್ದರೂ ಸರಿ.

ಸಿದ್ದಮ್ಮ ನಾಳೆ ರೊಟ್ಟಿ ಕೊಡಲು ಹರಿಹರಕ್ಕೆ ಹೋಗುವವಳು. ಮಲಗಿದವಳನ್ನು ಎಬ್ಬಿಸಿ ಹೇಳಿದೆ: ‘ಭರಮಣ್ಣಗೆ ಆ ಗೂಡಿನ ಆಳ ಇನ್ನೊಂದ್ಸಲ ಅಳತೆ ಹಾಕಿ ನೋಡು ಅನ್ನು. ಗಾಳಿಗೆ ಹಗಲೊತ್ತು ದೀಪ ಆರಬಾರದು.’